ಬ್ಯಾಟರಿ ಕೈಕೊಟ್ಟ ಮಾತ್ರಕ್ಕೆ ಮೋವರ್ ಗುಜರಿಯಲ್ಲ

ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಒಂದು ಕಾನೂನು ಬಂತು. 2024ರ ಮಾಡೆಲ್‌ನಿಂದ ಹುಲ್ಲು ಕತ್ತರಿಸುವ ಹೊಸ ಮೋವರ್, ಎಲೆ ಊದಿ ಸರಿಸುವ ಬ್ಲೋವರ್, ಅಂಚಿನ ಹುಲ್ಲು ಸವರುವ ಟ್ರಿಮ್ಮರ್‌ಗಳು ಹೊಗೆ ಬಿಡುವಂತಿಲ್ಲ ಅಂತ. ಅಂಗಡಿಗಳಲ್ಲಿ ಬ್ಯಾಟರಿ ಯಂತ್ರಗಳು ತುಂಬಿಕೊಂಡವು. ಸ್ಯಾಕ್ರಮೆಂಟೊ ಸುತ್ತಮುತ್ತಲ ನಮ್ಮಂಥ ಬಡಾವಣೆಗಳಲ್ಲಿ ಈಗ ಅವೇ ಯಂತ್ರಗಳು ಕಸದ ಡಬ್ಬಿ ಪಕ್ಕ ಬಂದು ನಿಲ್ಲುತ್ತಿವೆ. ನೋಡಲು ಹೊಸದರ ಹಾಗೇ ಇರುತ್ತವೆ. ಎಸೆಯಲು ಕಾರಣ ಹೆಚ್ಚಾಗಿ ಒಂದೇ: ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿಗೆ ಹತ್ತತ್ತಿರ ಹೊಸ ಯಂತ್ರದಷ್ಟೇ ಬೆಲೆ.

ಇಂಥವನ್ನು ತಂದು ರಿಪೇರಿ ಮಾಡಿ, ಬೇಕಾದವರಿಗೆ ಕೊಡುವುದು ನನ್ನ ವಾರಾಂತ್ಯದ ಕೆಲಸ. ತರುವ ಮುಂಚೆ ಬಾಗಿಲು ತಟ್ಟಿ ಕೇಳುತ್ತೇನೆ. ಕೇಳಿದರೆ ಒಪ್ಪಿಗೆ ಸಿಗುವುದಷ್ಟೇ ಅಲ್ಲ, ಒಳಗಿನಿಂದ ಚಾರ್ಜರ್ ಮತ್ತು ಸೇಫ್ಟಿ ಕೀಯನ್ನೂ ತಂದುಕೊಡುತ್ತಾರೆ. ಆ ಸಣ್ಣ ಪ್ಲಾಸ್ಟಿಕ್ ಕೀ ಇಲ್ಲದಿದ್ದರೆ ಎಷ್ಟೋ ಮೋವರ್‌ಗಳು ಅಲುಗಾಡುವುದೇ ಇಲ್ಲ.

ಮನೆಗೆ ತಂದ ಮೇಲೆ ಮೊದಲು ಅದೇ ಕಂಪನಿಯ, ಅದೇ ವೋಲ್ಟೇಜಿನ ಒಳ್ಳೆಯ ಬ್ಯಾಟರಿ ಹಾಕಿ ನೋಡುತ್ತೇನೆ. ಓಡಿದರೆ ಯಂತ್ರ ಸರಿಯಿದೆ. ಓಡದಿದ್ದರೆ ಬ್ಯಾಟರಿ, ಕೀ ಎರಡನ್ನೂ ತೆಗೆದಿಟ್ಟೇ ಮುಂದಿನ ಕೆಲಸ. ಬ್ಲೇಡ್ ಹತ್ತಿರ ಕೈ ಹಾಕುವಾಗ ಇದನ್ನು ಮರೆಯಲೇಬಾರದು. ಹಿಡಿಯ ಮೇಲಿನ ಸ್ವಿಚ್, ಹಿಡಿ ಮಡಚುವ ಜಾಗದಲ್ಲಿ ಒಳಗೇ ತುಂಡಾದ ವಯರ್, ಹಸಿರುಗಟ್ಟಿದ ಟರ್ಮಿನಲ್, ಈ ಮೂರನ್ನು ಕರೆಂಟ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದರೆ ಸಾಕು, ಬಹಳಷ್ಟು ಸಲ ರೋಗ ಅಲ್ಲೇ ಸಿಗುತ್ತದೆ. ಬ್ಲೇಡ್ ಮೊಂಡಾಗಿದ್ದರೂ ಜನ ಬ್ಯಾಟರಿಯನ್ನೇ ಬೈಯುತ್ತಾರೆ. ಮೊಂಡು ಬ್ಲೇಡಿಗೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಅರದಲ್ಲಿ ಉಜ್ಜಿ ಎರಡೂ ಕಡೆ ತೂಕ ಸಮ ಮಾಡಿದರೆ ಅದೇ ಬ್ಯಾಟರಿಯಲ್ಲಿ ಪೂರ್ತಿ ಅಂಗಳ ಮುಗಿಯುತ್ತದೆ.

ನಿಜವಾದ ಕೆಲಸ ಬ್ಯಾಟರಿಯದು. 40 ವೋಲ್ಟ್ ಅಂತ ಬರೆದಿರುವ ಪ್ಯಾಕ್ ಒಳಗೆ ಸಾಮಾನ್ಯವಾಗಿ 10 ಗುಂಪು ಸೆಲ್‌ಗಳು ಸಾಲಾಗಿ ಇರುತ್ತವೆ. ಒಂದೊಂದು 3.6 ವೋಲ್ಟ್. ಲೆಕ್ಕಕ್ಕೆ 36 ವೋಲ್ಟ್, ಪೂರ್ತಿ ತುಂಬಿದಾಗ 42. ಚಳಿಗಾಲವಿಡೀ ಯಂತ್ರ ಸುಮ್ನೆ ಗ್ಯಾರೇಜಿನಲ್ಲಿ ಕೂತಾಗ ಒಳಗಿನ ಸರ್ಕ್ಯೂಟ್ ಬೋರ್ಡ್ ಚೂರುಚೂರೇ ಚಾರ್ಜ್ ತಿನ್ನುತ್ತದೆ. ಕೆಲವು ಪ್ಯಾಕ್‌ಗಳಲ್ಲಿ ಒಂದು ಗುಂಪು ಉಳಿದವಕ್ಕಿಂತ ಕೆಳಗಿಳಿಯುತ್ತದೆ. ಆಗ ಬೋರ್ಡ್ ಇಡೀ ಪ್ಯಾಕನ್ನೇ ನಿಲ್ಲಿಸಿಬಿಡುತ್ತದೆ, ಚಾರ್ಜರ್‌ನಲ್ಲಿ ಕೆಂಪು ದೀಪ ಮಿಣುಕುತ್ತದೆ. ಒಂಬತ್ತು ಗುಂಪು ಗಟ್ಟಿಯಾಗಿದ್ದರೂ ಹತ್ತನೆಯದಕ್ಕಾಗಿ ಎಲ್ಲವೂ ಕಸಕ್ಕೆ ಹೋಗುತ್ತವೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಪ್ಯಾಕ್ ಬಿಚ್ಚುವ ಮುಂಚೆ ಉಂಗುರ, ವಾಚು ತೆಗೆದಿಡುತ್ತೇನೆ. ಸ್ಕ್ರೂಡ್ರೈವರ್‌ಗೆ ತುದಿ ಬಿಟ್ಟು ಉಳಿದಲ್ಲೆಲ್ಲ ಟೇಪ್ ಸುತ್ತಿರುತ್ತೇನೆ. ಊದಿದ, ಸೋರಿದ, ಸಿಹಿಸಿಹಿ ವಾಸನೆ ಬರುವ ಪ್ಯಾಕನ್ನು ಮುಟ್ಟುವುದಿಲ್ಲ. ಆಮೇಲೆ ಒಂದೊಂದೇ ಗುಂಪಿನ ವೋಲ್ಟೇಜ್ ಬರೆದುಕೊಳ್ಳುತ್ತೇನೆ. ಉಳಿದವೆಲ್ಲ 3.5 ಆಸುಪಾಸು ಇದ್ದು, ಒಂದು ಮಾತ್ರ 2.7ಕ್ಕೆ ಇಳಿದಿದ್ದರೆ ಆಸೆ ಇದೆ. ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈಯಿಂದ ಆ ಗುಂಪಿಗೆ ಮಾತ್ರ ಅರ್ಧ ಆಂಪಿಯರ್ ಕೊಟ್ಟು, ಉಳಿದವುಗಳ ಸಮಕ್ಕೆ ತರುತ್ತೇನೆ. ಮನೆ ಹೊರಗೆ, ಕಾಂಕ್ರೀಟ್ ನೆಲದ ಮೇಲೆ, ಎದುರಿಗೇ ಕೂತು. 2 ವೋಲ್ಟ್‌ಗಿಂತ ಕೆಳಗೆ ಹೋದ ಸೆಲ್ಲನ್ನು ಎಬ್ಬಿಸಲು ಹೋಗುವುದೇ ಇಲ್ಲ. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. ಇಂಥ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ.

ಸಮ ಮಾಡಿದ ಪ್ಯಾಕನ್ನು ಒಂದು ವಾರ ಹಾಗೇ ಇಟ್ಟು ಮತ್ತೆ ಅಳೆಯುತ್ತೇನೆ. ಅದೇ ಗುಂಪು ಮತ್ತೆ ಇಳಿದಿದ್ದರೆ ಆ ಸೆಲ್‌ಗಳ ಕಥೆ ಮುಗಿದಿದೆ. ಕೆಲವು ಬೋರ್ಡ್‌ಗಳು ಒಮ್ಮೆ ಲಾಕ್ ಆದರೆ ಎಲ್ಲ ಸರಿಮಾಡಿದರೂ ಬಿಡುವುದಿಲ್ಲ. ಸರಿಮಾಡುವವರಿಗೂ ದಾರಿ ಇಲ್ಲದ ಹಾಗೆ ಮಾಡುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸತ್ತ ಪ್ಯಾಕ್‌ಗಳ ಟರ್ಮಿನಲ್‌ಗೆ ಟೇಪ್ ಹಚ್ಚಿ ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡುತ್ತೇನೆ. ಇಲ್ಲಿ 2006ರಿಂದಲೇ ಯಾವ ಬ್ಯಾಟರಿಯನ್ನೂ ಮನೆ ಕಸಕ್ಕೆ ಹಾಕುವಂತಿಲ್ಲ.

ಇಲ್ಲಿನ ಕನ್ನಡ ಗೆಳೆಯರು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ: "ಊರಲ್ಲಿ ಅಡಿಕೆ ತೋಟಕ್ಕೆ ಟ್ರಿಮ್ಮರ್ ಒಂದು ತಗೊಂಡು ಹೋಗ್ಬಹುದಾ?" ಯಂತ್ರ ಒಯ್ಯಬಹುದು, ತೊಡಕು ಬ್ಯಾಟರಿಯದು. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ (ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದ ಲೆಕ್ಕ) ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಹಾಗೆ ಎರಡು ಮಾತ್ರ. 160 ದಾಟಿದರೆ ಒಯ್ಯುವಂತೆಯೇ ಇಲ್ಲ. 36 ವೋಲ್ಟ್, 4 ಆಂಪಿಯರ್-ಅವರ್ ಪ್ಯಾಕ್ 144 ಆಗುತ್ತದೆ, ಅಂದರೆ ಒಪ್ಪಿಗೆ ಬೇಕು. ನಾನು ಬಿಚ್ಚಿ ಸರಿಮಾಡಿದ ಪ್ಯಾಕನ್ನಂತೂ ವಿಮಾನಕ್ಕೆ ಯಾರಿಗೂ ಕೊಡುವುದಿಲ್ಲ. ಚಾರ್ಜರ್ ಮೇಲೂ ಕಣ್ಣಾಡಿಸಿ. 120 ವೋಲ್ಟ್ ಅಂತಷ್ಟೇ ಬರೆದಿದ್ದರೆ ಊರಿನ 230ಕ್ಕೆ ನೇರ ಸಿಕ್ಕಿಸಬೇಡಿ, ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.