ಬಸ್ರೂರಿಗೆ ಶಿವಾಜಿ ಬಂದ ಕಥೆಯನ್ನು ಜರಡಿ ಹಿಡಿಯುವುದು ಹೇಗೆ

ಫೆಬ್ರವರಿ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜು ಬಂದೇ ಬರುತ್ತದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗು ಹತ್ತಿ ಕುಂದಾಪುರದ ಹತ್ತಿರದ ಬಸ್ರೂರಿಗೆ ಬಂದು ಪೋರ್ಚುಗೀಸರನ್ನು ಓಡಿಸಿದ ಅಂತ. ಅದರ ಹಿಂದೆಯೇ ಇನ್ನೊಬ್ಬರು: "ಓಡಿಸಿದ್ದಲ್ಲ ಮಾರಾಯ್ರೆ, ಊರು ದೋಚಿಕೊಂಡು ಹೋದದ್ದು." ಆಮೇಲೆ ರಾತ್ರಿ ಹನ್ನೊಂದರವರೆಗೆ ಜಗಳ. ನಾನೂ ಒಂದೆರಡು ವರ್ಷ ಅದರಲ್ಲಿ ಬಾಯಿ ಹಾಕಿ ಮರ್ಯಾದೆ ಕಳೆದುಕೊಂಡವನೇ. ಕಡೆಗೆ ಕೂತು ಸ್ವಲ್ಪ ಓದಿದೆ, ಉಡುಪಿಯಿಂದ ಎರಡು ಸಲ ಬಸ್ರೂರಿಗೂ ಹೋಗಿ ಬಂದೆ. ಮರಾಠರ ಇಂಥ ಕಥೆ ಕೈಗೆ ಬಂದಾಗ ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಊರಿನ ಹೆಸರು ಸರಿ ಮಾಡಿಕೊಳ್ಳಿ. ಪೋರ್ಚುಗೀಸರ ಕಾಗದದಲ್ಲಿ ಬಾರ್ಸೆಲೋರ್ ಅಂದರೆ ಬಸ್ರೂರು, ಬಾಕನೋರ್ ಅಂದರೆ ಬಾರ್ಕೂರು. ಬಾರ್ಸೆಲೋರ್ ಅಂತ ಓದಿದ ಕೂಡಲೇ ಬಾರ್ಕೂರು ಅಂದುಕೊಳ್ಳುವವರು ನಮ್ಮಲ್ಲೇ ಜಾಸ್ತಿ. ಒಂದು ವರಾಹಿ ನದಿಯ ಊರು, ಇನ್ನೊಂದು ಸೀತಾ ನದಿಯದು. ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು.

ಆಮೇಲೆ ಕೇಳಬೇಕಾದ ಪ್ರಶ್ನೆ, ದಾಳಿಯ ಹೊತ್ತಿಗೆ ಊರು ಯಾರ ಕೈಯಲ್ಲಿತ್ತು? ಜಗಳ ಅರ್ಧ ಇಲ್ಲೇ ಮುಗಿಯುತ್ತದೆ. ಬಸ್ರೂರಿನ ಪೋರ್ಚುಗೀಸ್ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲಲ್ಲೇ ಹಿಡಿದುಕೊಂಡಿದ್ದ. ಅಂದರೆ ಶಿವಾಜಿ ಬರುವಾಗ ಪೋರ್ಚುಗೀಸರು ಕೋಟೆ ಕಳೆದುಕೊಂಡು ಹತ್ತು ವರ್ಷದ ಮೇಲಾಗಿತ್ತು. ಶಿವಪ್ಪ ನಾಯಕ 1660ರಲ್ಲಿ ತೀರಿಕೊಂಡ, ಅವನ ನಂತರ ಗದ್ದುಗೆಗೆ ಬೇಗ ಬೇಗ ಜನ ಬದಲಾದರು. ಅಕ್ಕಿ, ಕಾಳುಮೆಣಸು ಸಾಗುವ ಶ್ರೀಮಂತ ಬಂದರು, ಮನೆಯೊಳಗೇ ಗೊಂದಲ. ದಾಳಿ ಮಾಡುವವನಿಗೆ ಇನ್ನೇನು ಬೇಕು?

ಹಾಗಾದರೆ ಲೂಟಿಯಾ? ಹೌದು, ಲೂಟಿಯೇ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಆ ವರ್ಷದ ಜಮಾ ಖರ್ಚು ನೋಡಿ. 1664ರ ಜನವರಿಯಲ್ಲಿ ಸೂರತ್ ದೋಚಿದ್ದಾಗಿತ್ತು. ಅದೇ ನವೆಂಬರಿನಲ್ಲಿ ಮಾಲ್ವಣದ ಎದುರಿನ ದ್ವೀಪದಲ್ಲಿ ಸಿಂಧುದುರ್ಗ ಕೋಟೆಯ ಕೆಲಸ ಶುರುವಾಗಿತ್ತು. ಸಮುದ್ರದ ನಡುವೆ ಕಲ್ಲು ಕಟ್ಟುವುದು ಅಂದರೆ ಹಣ ನೀರಿನ ಹಾಗೆ ಹೋಗುವ ಕೆಲಸ. ಅತ್ತ ಔರಂಗಜೇಬನ ಸೇನಾಪತಿ ರಾಜಾ ಜೈಸಿಂಗ್ ದಂಡು ಕಟ್ಟಿಕೊಂಡು ಹೊರಟಿದ್ದ, ಮಾರ್ಚಿಗೆ ಪುಣೆ ಮುಟ್ಟಿದ. ಜೂನಿನಲ್ಲಿ ಪುರಂದರದ ಒಪ್ಪಂದ, ಶಿವಾಜಿ 23 ಕೋಟೆ ಬಿಟ್ಟುಕೊಡಬೇಕಾಯಿತು. ಬಸ್ರೂರಿನ ದಾಳಿ ಸಿಂಧುದುರ್ಗದ ಕೆಲಸ ಶುರುವಾದದ್ದಕ್ಕೂ ಜೈಸಿಂಗ್ ಪುಣೆ ಮುಟ್ಟಿದ್ದಕ್ಕೂ ನಡುವಿನ ಸಂದಿಯಲ್ಲಿ ನಡೆದದ್ದು. ಅದನ್ನು ಅಲ್ಲಿಂದ ಕಿತ್ತು ತಂದು ಒಂಟಿಯಾಗಿ ನಿಲ್ಲಿಸಿದರೆ ಎಲ್ಲರೂ ತಮಗೆ ಬೇಕಾದ ಬಣ್ಣ ಬಳಿಯುತ್ತಾರೆ.

ಇನ್ನು ಬರೆದವರು ಯಾರು ಅನ್ನುವುದು. ಇದರಲ್ಲೇ ನನಗೆ ಹೆಚ್ಚು ಮಜಾ ಸಿಕ್ಕಿದ್ದು. ಒಂದು ಕಡೆ ಸಭಾಸದ ಅನ್ನುವವನು ಬರೆದ ಬಖರು, ಅಂದರೆ ಮರಾಠಿ ಗದ್ಯದ ಚರಿತ್ರೆ, ಇದೆ. ಅದು ಹುಟ್ಟಿದ್ದು 1690ರ ದಶಕದಲ್ಲಿ, ಜಿಂಜಿ ಕೋಟೆಯಲ್ಲಿ, ಶಿವಾಜಿಯ ಮಗ ರಾಜಾರಾಮನಿಗಾಗಿ. ದಾಳಿಯಾಗಿ ಮೂವತ್ತು ವರ್ಷದ ಹತ್ತಿರ ಹತ್ತಿರ, ಅದೂ ಮಗನ ಎದುರು ಅಪ್ಪನ ಕಥೆ. ಇನ್ನೊಂದು ಕಡೆ ಕಾರವಾರದ ಇಂಗ್ಲಿಷ್ ಕೋಠಿಯವರ, ಅಂದರೆ ಅಲ್ಲಿನ ಇಂಗ್ಲಿಷ್ ವ್ಯಾಪಾರದ ಮಳಿಗೆಯವರ, ಪತ್ರ ಇದೆ, ಕೆಲವೇ ವಾರದೊಳಗೆ ಬರೆದದ್ದು. ಅವರಿಗೆ ಶಿವಾಜಿಯ ಮೇಲೆ ಪ್ರೀತಿಯೇನೂ ಇರಲಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಕಾರವಾರದ ವ್ಯಾಪಾರಿಗಳೆಲ್ಲ ಕೂಡಿ ಶಿವಾಜಿಗೆ ಹಣ ಕೊಟ್ಟು ಕಳಿಸಿದಾಗ ತಮ್ಮ ಪಾಲು 112 ಪೌಂಡ್ ಅಂತ ಅವರು ಬರೆದಿದ್ದಾರಲ್ಲ, ಅದನ್ನು ನಾನು ನಂಬುತ್ತೇನೆ. ತಮ್ಮ ಕಿಸೆಯಿಂದ ಹೋದ ದುಡ್ಡನ್ನು ವ್ಯಾಪಾರಿ ಸರಿಯಾಗಿಯೇ ಬರೆದಿಡುತ್ತಾನೆ. ಕೋಟಿಗಟ್ಟಲೆ ಹೊನ್ನು ಅಂತ ದುಂಡಗೆ ಹೇಳುವ ಕಡೆ ಸ್ವಲ್ಪ ಉಪ್ಪು ಸೇರಿಸಿಕೊಂಡಿರುತ್ತದೆ ಅಂತ ಇಟ್ಟುಕೊಳ್ಳಿ.

ಅದೇ ಇಂಗ್ಲಿಷರ ಲೆಕ್ಕದಲ್ಲಿ 85 ಫ್ರಿಗೇಟು, 3 ದೊಡ್ಡ ಹಡಗು. ಫ್ರಿಗೇಟು ಅಂದ ಕೂಡಲೇ ಈಗಿನ ನೌಕಾದಳದ ಫೋಟೋ ಹಾಕಬೇಡಿ. ಅವು ಸಣ್ಣ ಹಾಯಿದೋಣಿಗಳು. ಅಷ್ಟು ಸಣ್ಣವಾಗಿದ್ದಕ್ಕೇ ನಮ್ಮ ನದಿಗಳೊಳಗೆ ನುಗ್ಗಲಿಕ್ಕೆ ಆಗುತ್ತಿದ್ದದ್ದು.

ತಾರೀಕಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಒಂದು ಗೊತ್ತಿರಲಿ. ಆಗ ಪೋರ್ಚುಗೀಸರ ಕ್ಯಾಲೆಂಡರು ಇಂಗ್ಲಿಷರದ್ದಕ್ಕಿಂತ 10 ದಿನ ಮುಂದಿತ್ತು, ಮರಾಠಿ ಕಾಗದದಲ್ಲಿ ಶಕವರ್ಷ 1586. ಎರಡು ಕಡೆ ಎರಡು ತಾರೀಕು ಕಂಡರೆ ಒಬ್ಬರು ಸುಳ್ಳು ಹೇಳಿದ್ದಾರೆ ಅಂತಲೇ ಆಗಬೇಕಿಲ್ಲ.

ಈಗ ಬಸ್ಸು ಹತ್ತಿ. ಹೋಗುವುದಾದರೆ ಫೆಬ್ರವರಿಯಲ್ಲೇ ಹೋಗಿ, ಅದಕ್ಕೆ ಕಾರಣ ಇದೆ. ಕುಂದಾಪುರದಲ್ಲಿ ಇಳಿದು ಮೊದಲು ಕೋಡಿಗೆ ನಡೆಯಿರಿ, ಎದುರಿಗೆ ಗಂಗೊಳ್ಳಿ, ನಡುವೆ ಅಳಿವೆ. ಸೌಪರ್ಣಿಕಾ, ವರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಕಡಲಿಗೆ ಬೀಳುವ ಜಾಗ. ಮಧ್ಯಾಹ್ನ ಮೂರರ ಹೊತ್ತಿಗೆ ಸುಮ್ನೆ ನಿಂತರೆ ಸಾಕು, ವಾಯವ್ಯದ ಗಾಳಿ ಮುಖಕ್ಕೆ ಬಡಿಯುತ್ತದೆ. ಮಾಲ್ವಣದಿಂದ ತೆಂಕಕ್ಕೆ ಬರುವವನಿಗೆ ಇದು ಬೆನ್ನಿಗೆ ಬೀಸುವ ಗಾಳಿ, ವಾಪಸು ಹೋಗುವವನಿಗೆ ಎದುರು ಗಾಳಿ. ಅಳಿವೆ ದಾಟಿ ನದಿಯಲ್ಲಿ ಮೇಲೇರಬೇಕಾದರೆ ಉಬ್ಬರವನ್ನೂ ಕಾಯಬೇಕು. ಮಳೆಗಾಲದಲ್ಲಾದರೆ ಈ ಯೋಚನೆಯೇ ಬೇಡ. ಇಲ್ಲಿ ಅರ್ಧ ಗಂಟೆ ನಿಂತದ್ದರಿಂದ ನನಗೆ ತಿಳಿದಷ್ಟು ಗ್ರೂಪಿನ ಎರಡು ವರ್ಷದ ಜಗಳದಿಂದ ತಿಳಿದಿರಲಿಲ್ಲ.

ಅಲ್ಲಿಂದ ಸಿದ್ದಾಪುರದ ಕಡೆಯ ಬಸ್ಸು ಹಿಡಿದರೆ ಬಸ್ರೂರು ಆರೇಳು ಕಿಲೋಮೀಟರು. ಮಹಾಲಿಂಗೇಶ್ವರ ದೇವಸ್ಥಾನ ನೋಡಿ, ಮೂಡುಕೇರಿ ಪಡುಕೇರಿಗಳಲ್ಲಿ ತಿರುಗಾಡಿ, ಹೊಳೆಯ ದಡಕ್ಕೆ ಇಳಿಯಿರಿ. ಶಿವಾಜಿಯ ಗುರುತು ಅಂತ ಏನಾದರೂ ಹುಡುಕಬೇಡಿ. ಇವತ್ತು ತಣ್ಣಗೆ ಕೂತಿರುವ ಈ ಹಳ್ಳಿ ಹೇಗೆ ಅಷ್ಟು ದೊಡ್ಡ ಪೇಟೆಯಾಗಿತ್ತು ಅನ್ನುವುದನ್ನು ಯೋಚಿಸಿ, ಅಷ್ಟು ಸಾಕು.

ದಾಳಿಯ ಮೇಲೆ ಅವನು ಹೋದ ದಾರಿಯನ್ನೂ ಮ್ಯಾಪಿನಲ್ಲಿ ಹಿಡಿಯಿರಿ. ಗೋಕರ್ಣಕ್ಕೆ ಹೋಗಿ ತೀರ್ಥಸ್ನಾನ ಮಾಡಿದ. ಹೆಚ್ಚಿನ ಹಡಗುಗಳನ್ನು ಅಲ್ಲೇ ಬೀಳ್ಕೊಟ್ಟ. ನಾಲ್ಕು ಸಾವಿರ ಕಾಲಾಳು ಜೊತೆಗೆ ಅಂಕೋಲೆಗೆ ನಡೆದ, ನದಿ ದಾಟಲಿಕ್ಕೆ ಅಂತ ಬರೇ 12 ದೋಣಿ ಇಟ್ಟುಕೊಂಡ. ಕಾರವಾರದಲ್ಲಿ ಬಿಜಾಪುರದ ಕಡೆಯ ಶೇರ್ ಖಾನ್ ಅಡ್ಡ ಬಂದದ್ದರಿಂದ ಕೆಲಸ ಪೂರ್ತಿ ಆಗಲಿಲ್ಲ. ತನ್ನ ಹೋಳಿಯ ಬೇಟೆ ಕೆಡಿಸಿದ ಅಂತ ಶಿವಾಜಿ ಗೊಣಗಿದನೆಂದು ಇಂಗ್ಲಿಷರು ಬರೆದಿದ್ದಾರೆ. ಮರಾಠರು ಘಟ್ಟದ ಮೇಲೆ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಗನಿಮೀ ಕಾವಾ ಅಂತ ಅದಕ್ಕೆ ಹೆಸರು. ಹಗುರಾಗಿ ಬರುವುದು, ತಟ್ಟನೆ ಎರಗುವುದು, ದೊಡ್ಡ ಸೇನೆ ಸೇರುವ ಮೊದಲು ಜಾಗ ಖಾಲಿ ಮಾಡುವುದು. ಕುದುರೆಯ ಬದಲು ಇಲ್ಲಿ ದೋಣಿ.

ಕೊನೆಗೆ, ಯಾರಾದರೂ "ಮರಾಠರು" ಅಂದ ಕೂಡಲೇ "ಯಾವ ಮರಾಠರು?" ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಶೃಂಗೇರಿ ಮಠ ಲೂಟಿಯಾದದ್ದನ್ನು ತಂದು ಇದಕ್ಕೆ ಗಂಟು ಹಾಕುವವರಿದ್ದಾರೆ. ಅದು 1791, ಪೇಶ್ವೆಯ ಕಡೆಯ ಪರಶುರಾಮ ಭಾವುವಿನ ದಂಡು. ನಡುವೆ 126 ವರ್ಷ. ಬಸ್ರೂರಿಗೆ ಬಂದಾಗ ಶಿವಾಜಿಗೆ ಪಟ್ಟಾಭಿಷೇಕವೂ ಆಗಿರಲಿಲ್ಲ, ಅದು ಆದದ್ದು 1674ರಲ್ಲಿ.

ಗ್ರೂಪಿನಲ್ಲಿ ಜಗಳ ಜೋರಾದಾಗ ನಾನು ಈಗ 1689ರ ಕಥೆ ಹಾಕುತ್ತೇನೆ. ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ತಮ್ಮ ರಾಜಾರಾಮ ಜಿಂಜಿಯತ್ತ ತಪ್ಪಿಸಿಕೊಂಡು ಓಡಿದ. ದಾರಿಯಲ್ಲಿ ಆಸರೆ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಕಿತ್ತೂರಿನವಳಲ್ಲ, ಇವಳು ಬೇರೆ. ಅವಳ ರಾಜ್ಯದ ಬಂದರನ್ನು ಇವನ ಅಪ್ಪ ದೋಚಿ ಆಗಿನ್ನೂ 24 ವರ್ಷ. ಆದರೂ ಮೊಗಲ ಸೇನೆ ಮೇಲೆ ಬಿದ್ದಾಗ ಅವಳು ಎದುರು ನಿಂತಳು. ಇದನ್ನು ಹಾಕಿದ ಮೇಲೆ ಎರಡೂ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.