ಮನೆ ಕೆಲಸಕ್ಕೆ ಸಾರ (ಅಟ್ಟಣಿಗೆ) ಕಟ್ಟುವಾಗ ಬೀಳದ ಹಾಗೆ ಎಂತ ಮಾಡ್ಬೇಕು

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆ ಮನೆ ಕಟ್ಟುವವರು ಟೈಲ್ಸ್ ನೋಡ್ಲಿಕ್ಕೆ ಮಂಗ್ಳೂರಿಗೆ ಮೂರು ಸಲ ಹೋಗಿ ಬರ್ತಾರೆ, ಸಾರಕ್ಕೆ ಮಾತ್ರ ತೋಟದಲ್ಲಿ ಬಿದ್ದ ಕಂಗು (ಅಡಿಕೆ ಮರ) ಸಾಕು ಅಂತಾರೆ. ಕಂಗು ಬೇಡವೇ ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಅದರಲ್ಲಿ ಗಟ್ಟಿ ಇರುದು ಹೊರಗಿನ ಸುತ್ತು ಮಾತ್ರ, ಒಳಗೆ ಬರೀ ತಿರುಳು, ಒಂದು ಮಳೆಗಾಲ ಹೊರಗೆ ಬಿದ್ದಿದ್ರೆ ಮೇಲಿಂದ ಚೆಂದ ಕಾಣ್ತದೆ, ಒಳಗೆ ಕೊಳೆತು ಕುಂಬು ಆಗಿರ್ತದೆ. ಕತ್ತಿಯ ಹಿಂಬದಿಯಲ್ಲಿ ಉದ್ದಕ್ಕೂ ಬಡಿದು ನೋಡಿ, ಟಣ್ ಅಂದ್ರೆ ಇಟ್ಕೊಳ್ಳಿ, ಬೊದ್ ಅಂದ್ರೆ ಒಲೆಗೆ. ಮೇಲಿನ ಮಾಳಿಗೆ ಕೆಲಸಕ್ಕೆ ಬಾಡಿಗೆಯ ಕಬ್ಬಿಣದ ಪೈಪೇ ಒಳ್ಳೇದು.

ಬುಡ ನೋಡಿ ಮೊದ್ಲು. ಕಾಸರಗೋಡಲ್ಲಿ ವರ್ಷಕ್ಕೆ 3,500 ಮಿ.ಮೀ. ಹತ್ತಿರ ಮಳೆ, ಪಂಚಾಂಗದ (ಮನೆಯ ತಳಪಾಯದ) ಸುತ್ತ ತುಂಬಿಸಿದ ಕೆಂಪು ಮಣ್ಣು ಒಂದು ರಾತ್ರಿಯಲ್ಲಿ ಮೆತ್ತಗಾಗ್ತದೆ, ನಾಲ್ಕರಲ್ಲಿ ಒಂದು ಕಾಲು ಇಳಿದ್ರೂ ಸಾರ ಪೂರ್ತಿ ವಾಲ್ತದೆ. ಅಡಿಗೆ ಮುರಕಲ್ಲಿನ (ಕೆಂಪು ಕಲ್ಲಿನ) ತುಂಡು ಇಡುದು ನಮ್ಮಲ್ಲಿ ರೂಢಿ, ಅದು ಭಾರಕ್ಕೆ ಒಡೀತದೆ. ಪೈಪಿನ ಬುಡಕ್ಕೆ ಬೇಸ್ ಪ್ಲೇಟ್ (ಚಪ್ಪಟೆ ಕಬ್ಬಿಣದ ತಟ್ಟೆ) ಹಾಕಿ, ಅದರ ಅಡಿಗೆ ಎರಡು ಕಾಲಿಗೂ ಸಿಗುವ ಹಾಗೆ ಉದ್ದದ ದಪ್ಪ ಹಲಗೆ ಕೊಡಿ. ನಾರಿನ ಹಗ್ಗದಲ್ಲಿ ಕಟ್ಟಿದ್ರೆ ಇನ್ನೊಂದು ತಲೆಬಿಸಿ, ಒದ್ದೆ ಆಗುವಾಗ ಬಿಗಿ, ಬಿಸಿಲಿಗೆ ಒಣಗಿದ ಮೇಲೆ ಸಡಿಲ, ಹಾಗಾಗಿ ಮಳೆ ಬಿಟ್ಟ ಬೆಳಿಗ್ಗೆ ಒಂದೊಂದು ಕಟ್ಟೂ ಕೈಯಲ್ಲಿ ಎಳೆದು ನೋಡದೆ ಯಾರನ್ನೂ ಹತ್ತಿಸ್ಬೇಡಿ. ಸಾರದ ಎತ್ತರ ಅದರ ಅಗಲದ ಮೂರು ಪಟ್ಟು ದಾಟಿದ್ರೆ ಗೋಡೆಗೆ ಕಟ್ಲೇಬೇಕು, ಕಿಟಕಿಯ ಒಳಬದಿಯಲ್ಲಿ ಅಡ್ಡ ಪೈಪ್ ಕೊಟ್ಟು ಅದಕ್ಕೆ ಕಟ್ಟಿ. ಮಳೆನೀರಿನ ಪಿವಿಸಿ ಪೈಪಿಗೆ ಕಟ್ಟಿದವರನ್ನೂ ನೋಡಿದ್ದೇನೆ ಮಾರಾಯ್ರೇ.

ಎರಡು ವರ್ಷ ಹಿಂದೆ ಪೆರ್ಲ ಹತ್ರ ಸಾರಣೆ (ಗೋಡೆಗೆ ಗಾರೆ ಮೆತ್ತುವ) ಕೆಲಸ ನಡೀತಿತ್ತು. ಹಲಗೆಯ ತುದಿ ಆಧಾರದಿಂದ ಒಂದೂವರೆ ಅಡಿ ಹೊರಗೆ ಬಂದಿತ್ತು, ಕಟ್ಟಿರ್ಲಿಲ್ಲ, ಹುಡುಗ ಗಾರೆಯ ಬಾಣಲೆ ತಕೊಳ್ಳಿಕ್ಕೆ ತುದಿಗೆ ಕಾಲಿಟ್ಟ, ಆಚೆ ತುದಿ ಎದ್ದೇ ಬಿಟ್ಟಿತು. ಪುಣ್ಯಕ್ಕೆ ಮರಳಿನ ರಾಶಿ ಮೇಲೆ ಬಿದ್ದು ಕೈ ಮಾತ್ರ ಮುರೀತು. ಆ ಹಲಗೆ ಹಾಕಿದ್ದು ನಾನೇ. ಈಗ ತುದಿ ಅರ್ಧ ಅಡಿಗಿಂತ ಕಮ್ಮಿಯೂ ಬಿಡುದಿಲ್ಲ, ಒಂದು ಅಡಿಗಿಂತ ಜಾಸ್ತಿಯೂ ಬಿಡುದಿಲ್ಲ, ಎರಡೂ ಕಡೆ ಕಟ್ತೇನೆ, ಒಂಟಿ ಹಲಗೆ ಮೇಲೆ ಕೆಲಸವೇ ಇಲ್ಲ, ಮೂರು ಒತ್ತೊತ್ತಿಗೆ ಹಾಕುದು.

ಸೇಫ್ಟಿ ಬೆಲ್ಟ್ ಕೊಟ್ಟಿದ್ದೇವಲ್ಲ ಅಂತ ಕೆಲವರಿಗೆ ಧೈರ್ಯ. ಲೆಕ್ಕ ಹಾಕಿ ನೋಡಿ, ಹಗ್ಗ ಸುಮಾರು 6 ಅಡಿ, ಬಿದ್ದಾಗ ಜರ್ಕ್ ತಡೀಲಿಕ್ಕೆ ಬಿಚ್ಚಿಕೊಳ್ಳುವ ಪಟ್ಟಿ ಮತ್ತೆ ನಾಲ್ಕೈದು ಅಡಿ, ಮೇಲಿಂದ ಮನುಷ್ಯನ ಉದ್ದ ಬೇರೆ. ಸಾರ ಇರುದೇ 10 ಅಡಿ ಎತ್ತರಕ್ಕೆ, ಕೊಕ್ಕೆಯನ್ನು ಕಾಲಬುಡದ ಪೈಪಿಗೆ ಸಿಕ್ಕಿಸಿದ್ರೆ ಬೆಲ್ಟ್ ಹಿಡಿಯುವ ಮೊದ್ಲೇ ನೆಲ ಬಂದಾಯ್ತು. 10 ಅಡಿಯಿಂದ ನೆಲ ಮುಟ್ಲಿಕ್ಕೆ 0.8 ಸೆಕೆಂಡ್, ಆಗ ವೇಗ ಗಂಟೆಗೆ 28 ಕಿ.ಮೀ. ಮುಟ್ತದೆ. ಅದಕ್ಕೇ ನಮ್ಮ ಒಂದೆರಡು ಮಾಳಿಗೆ ಕೆಲಸಕ್ಕೆ ಬೆಲ್ಟಿಗಿಂತ ಮೊದ್ಲು ಕೈಗಂಬಿ: ಸೊಂಟದ ಹತ್ರ ಒಂದು ಮೀಟರ್ ಎತ್ತರಕ್ಕೆ ಒಂದು, ನಡುವೆ ಇನ್ನೊಂದು, ಹಲಗೆಯ ಅಂಚಿಗೆ ಆರಿಂಚಿನ ಪಟ್ಟಿ, ಇಲ್ಲದಿದ್ರೆ ಕೆಳಗಿನವನ ತಲೆಗೆ ಕರಣೆ ಬೀಳ್ತದೆ. ಮಾಡು (ಛಾವಣಿ), ಟ್ಯಾಂಕ್ ಕೆಲಸದಲ್ಲಿ ಕಂಬಿ ಹಾಕ್ಲಿಕ್ಕೆ ಆಗದಿದ್ರೆ ಐಎಸ್ 3521 (ಭಾರತೀಯ ಮಾನಕ) ಗುರುತು ಇರುವ ಪೂರ್ತಿ ಮೈಯ ಹಾರ್ನೆಸ್ ತಕೊಳ್ಳಿ, ಕೊಕ್ಕೆ ತಲೆಗಿಂತ ಮೇಲೆ, ಗಟ್ಟಿ ಇರುವ ಕಡೆ ಸಿಕ್ಕಿಸಿ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ.

ಏಣಿಯ ಬುಡ ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದು ಅಡಿ ದೂರ, ಮೇಲೆ ಇಳಿಯುವ ಹಲಗೆಗಿಂತ ಮೂರು ಅಡಿ ಹೆಚ್ಚಿಗೆ ಇರ್ಲಿ. ಕಂಬಿಯಲ್ಲಿ ನೇತಾಡಿ ಹತ್ತುದು ಬೇಡ. ಹತ್ರ ಕರೆಂಟಿನ ಲೈನ್ ಇದ್ರೆ ಕೆಎಸ್ಇಬಿಯವರಿಗೆ (ಕೇರಳದ ಕರೆಂಟ್ ಇಲಾಖೆಗೆ) ಹೇಳದೆ ಪೈಪ್ ಎತ್ಲೇಬೇಡಿ.

ಯಾರಾದ್ರೂ ಬಿದ್ರೆ ಎಬ್ಬಿಸಿ ಕೂರಿಸುದು, ಮಡಚಿ ರಿಕ್ಷಾಕ್ಕೆ ಹಾಕುದು ಬೇಡ. ಬೆನ್ನೆಲುಬಿಗೆ ಪೆಟ್ಟಾಗಿದ್ರೆ ಅಲ್ಲೇ ಕೆಟ್ಟೀತು, ಕುತ್ತಿಗೆ ಅಲುಗದ ಹಾಗೆ ಹಿಡ್ಕೊಂಡು 108 ಆಂಬುಲೆನ್ಸಿಗೆ ಫೋನ್ ಮಾಡಿ.

ಮತ್ತೆ ಒಂದು ವಿಷಯ, ನನ್ನ ಸೈಟಲ್ಲಿ ಮೇಸ್ತ್ರಿಯದ್ದು ಮಲಯಾಳ, ಸಾರಣೆಯವರದ್ದು ತುಳು, ಹೆಲ್ಪರ್ ಹುಡುಗ್ರದ್ದು ಬಂಗಾಳಿ, ನನ್ನ ಹಿಂದಿ ಕೇಳಿದ್ರೆ ಅವರಿಗೇ ನಗು. ಹಾಗಾಗಿ ಏಣಿಯ ಬುಡಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ ಇಡ್ತೇನೆ. ಬೆಳಿಗ್ಗೆ ಸುತ್ತ ನೋಡಿ ನಾನು ಬಿಚ್ಚುವವರೆಗೆ ಯಾರೂ ಹತ್ತುದಿಲ್ಲ, ಮನೆಯ ಯಜಮಾನ್ರೂ ಸಹ.