ಇಂಗ್ಲೆಂಡಿನಲ್ಲಿ ಹೊಳೆ ಗಲೀಜಾದರೆ ಯಾರನ್ನು ಕೇಳಬೇಕು? ನಮ್ಮ ಕರಾವಳಿಯವರಿಗೆ

ಇಂದ್ರಾಣಿ ಹೊಳೆಯಲ್ಲಿ ಕೊಳಚೆ ಹರಿದರೆ ಉಡುಪಿಯವರು ಮೊದಲು ನಗರಸಭೆಗೆ ಹೋಗುತ್ತಾರೆ. ಮಂಗಳೂರಿನವರಿಗೆ ಮಹಾನಗರ ಪಾಲಿಕೆ. ಇಂಗ್ಲೆಂಡಿಗೆ ಹೋದ ಮೇಲೂ ಅದೇ ಅಭ್ಯಾಸದಲ್ಲಿ ಕೌನ್ಸಿಲ್‌ಗೆ ಫೋನ್ ಮಾಡುತ್ತಾರೆ, ಅವರು "ಅದು ನಮ್ಮದಲ್ಲ" ಅನ್ನುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು. ಅವರು ಜಾರಿಕೊಳ್ಳುವುದಲ್ಲ ಮಾರಾಯ್ರೆ, ಅಲ್ಲಿ ಹೊಳೆಯ ಕೆಲಸ ಹಲವರಿಗೆ ಹಂಚಿದೆ.

ಒಳಚರಂಡಿ 1989ರಿಂದ ಖಾಸಗಿ ನೀರಿನ ಕಂಪನಿಗಳ ಕೈಯಲ್ಲಿ ಉಂಟು. ತಪ್ಪು ಮಾಡಿದವರನ್ನು ಹಿಡಿಯುವುದು ಎನ್ವಿರಾನ್‌ಮೆಂಟ್ ಏಜೆನ್ಸಿ, ಅಂದರೆ ಸರ್ಕಾರದ ಪರಿಸರ ಸಂಸ್ಥೆ. ಸತ್ತ ಮೀನು, ಎಣ್ಣೆ, ಕೊಳಚೆ ಕಂಡರೆ ಅವರ ನಂಬರ್ 0800 80 70 60, ರಾತ್ರಿಯೂ ಎತ್ತುತ್ತಾರೆ. (ಸ್ಕಾಟ್ಲೆಂಡ್, ವೇಲ್ಸ್ ಲೆಕ್ಕ ಬೇರೆ.)

ಹಳೆ ಊರುಗಳಲ್ಲಿ ಮಳೆನೀರು, ಪಾಯಿಖಾನೆ ನೀರು ಎರಡಕ್ಕೂ ಒಂದೇ ಪೈಪ್. ಜೋರು ಮಳೆಗೆ ಅದು ತುಂಬಿದರೆ ಮನೆಯೊಳಗೆ ಉಕ್ಕಬಾರದು ಅಂತ ಹೊಳೆಗೆ ಬಿಡುತ್ತಾರೆ, ಅದಕ್ಕೆ ಪರವಾನಗಿಯೂ ಉಂಟು. ನಮ್ಮ ಜುಲೈ ಕಂಡವರಿಗೆ ಅಲ್ಲಿಯದು ಮಳೆಯೇ ಅಲ್ಲ ಬಿಡಿ. 2023ರ ಕೊನೆಯೊಳಗೆ, ಹೀಗೆ ಹೊಳೆಗೆ ಬಿಡುವ ಎಲ್ಲ ಪೈಪಿನ ಬಾಯಿಗಳಿಗೂ ಯಾವಾಗ, ಎಷ್ಟು ಹೊತ್ತು ಹರಿಯಿತು ಅಂತ ದಾಖಲಿಸುವ ಮಾನಿಟರ್ ಕೂರಿಸಿದ್ದಾರೆ. ಯಾವುದು ಈಗ ಹರಿಯುತ್ತಿದೆ ಅಂತ ಕಂಪನಿಯ ಮ್ಯಾಪಿನಲ್ಲಿ ನೋಡಬಹುದು. ಮಕ್ಕಳನ್ನು ನೀರಿಗಿಳಿಸುವ ಮೊದಲು ಒಮ್ಮೆ ನೋಡಿ.

ಇವರೆಲ್ಲರನ್ನೂ ಒಂದೇ ಕಡೆ ಕೂರಿಸಲು 2013ರಿಂದ ಕ್ಯಾಚ್‌ಮೆಂಟ್ ಪಾರ್ಟ್‌ನರ್‌ಶಿಪ್ ಅಂತ ಮಾಡಿದ್ದಾರೆ (ಕ್ಯಾಚ್‌ಮೆಂಟ್ ಅಂದರೆ ಒಂದು ಹೊಳೆಗೆ ನೀರು ಹರಿದು ಬರುವ ಇಡೀ ಪ್ರದೇಶ). ದೇಶದಲ್ಲಿ ನೂರರ ಮೇಲೆ ಇವೆ. ನೀರಿನ ಕಂಪನಿ, ಕೌನ್ಸಿಲ್, ಏಜೆನ್ಸಿ, ರೈತರು, ಗಾಳ ಹಾಕುವವರು, ಊರಿನ ಸಂಘಗಳು ಎಲ್ಲ ಒಂದೇ ಮೇಜಿಗೆ. ಸಾಮಾನ್ಯವಾಗಿ ನಡೆಸುವುದು ರಿವರ್ಸ್ ಟ್ರಸ್ಟ್ ಅಥವಾ ವೈಲ್ಡ್‌ಲೈಫ್ ಟ್ರಸ್ಟ್ ಎಂಬ ಸೇವಾ ಸಂಸ್ಥೆಗಳು. ಇದಕ್ಕೆ ದಂಡ ಹಾಕುವ ಅಧಿಕಾರ ಇಲ್ಲ, ಹಣವೂ ಕಡಿಮೆ. ಹಾಗಂತ ಬರೀ ಮಾತಿನ ಸಭೆ ಅಂತ ಬದಿಗಿಡಬೇಡಿ. ಮರ್ಸಿ ನದಿಗೆ 1985ರಲ್ಲಿ ಹೀಗೇ ಎಲ್ಲರೂ ಸೇರಿ ಶುರು ಮಾಡಿದ ಕೆಲಸ 25 ವರ್ಷ ನಡೆಯಿತು, ಮೀನೇ ಇಲ್ಲದ ಕಡೆ ಸಾಲ್ಮನ್ ವಾಪಸ್ ಬಂತು. 25 ವರ್ಷ ಅನ್ನುವುದನ್ನೂ ಗಮನಿಸಿ. ಸೇರಲು ಅಲ್ಲಿನ ಪೌರತ್ವ ಬೇಡ.

ಈಗ ನಿಮ್ಮ ಮನೆಗೇ ಬರೋಣ, ಯಾಕೆಂದರೆ ನಮ್ಮವರಿಗೆ ಜಾಸ್ತಿ ತಾಗುವುದು ಇದೇ. ಎರಡನೇ ಮಹಾಯುದ್ಧದ ನಂತರದ ಬಡಾವಣೆಗಳಲ್ಲಿ ಹೆಚ್ಚಾಗಿ ಪೈಪು ಎರಡು. ಪಾಯಿಖಾನೆ, ಅಡುಗೆಮನೆ, ಸ್ನಾನದ ನೀರು ಒಂದರಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಮಳೆನೀರು ಇನ್ನೊಂದರಲ್ಲಿ ಸೀದಾ ಹೊಳೆಗೆ. ಹಿಂದಿನ ಮಾಲೀಕ ಅಡುಗೆಮನೆ ದೊಡ್ಡದು ಮಾಡುವಾಗ ವಾಷಿಂಗ್ ಮೆಷಿನ್ನಿನ ಪೈಪನ್ನು ಹತ್ತಿರದಲ್ಲಿದ್ದ ಮಳೆನೀರಿನ ಪೈಪಿಗೆ ಸೇರಿಸಿಬಿಟ್ಟರೆ, ನಿಮ್ಮ ಸೋಪಿನ ನೀರು ದಿನಾ ಹೊಳೆಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ! ಸ್ವಯಂಸೇವಕರು ಹೊಳೆ ಬದಿಯಲ್ಲಿ ನಡೆದು ಪ್ರತಿ ಪೈಪಿನ ಬಾಯಿ ನೋಡಿ ಫೋಟೋ ತೆಗೆದು ಎಷ್ಟು ಗಲೀಜು ಅಂತ ಅಂಕ ಹಾಕುತ್ತಾರೆ, ಇದನ್ನು ಔಟ್‌ಫಾಲ್ ಸಫಾರಿ ಅನ್ನುತ್ತಾರೆ. ಆಮೇಲೆ ಕಂಪನಿಯವರು ಪೈಪು ಹಿಡಿದು ಹಿಂದೆ ಹಿಂದೆ ಬಂದು ಮನೆ ಪತ್ತೆ ಮಾಡುತ್ತಾರೆ. ಸರಿಪಡಿಸುವ ಖರ್ಚು ಮನೆ ಮಾಲೀಕರದ್ದು, ಹಿಂದಿನವರು ಮಾಡಿದ ತಪ್ಪಾದರೂ. ಮಾಡದಿದ್ದರೆ ಕೌನ್ಸಿಲ್ ನೋಟಿಸ್ ಕೊಡಬಹುದು. ಹಾಗಾಗಿ ಮನೆ ಕೊಳ್ಳುವಾಗಲೇ ಪ್ಲಂಬರ್‌ಗೆ ತೋರಿಸಿ. ಬಾಡಿಗೆಯವರು ಮಾಲೀಕರಿಗೆ ಬರೆದು ತಿಳಿಸಿದರೆ ಸಾಕು. ರಸ್ತೆ ಬದಿಯ ಜಾಲರಿಯೂ ಎಷ್ಟೋ ಕಡೆ ಸೀದಾ ಹೊಳೆಗೇ, ಅಲ್ಲಿ ಕಾರು ತೊಳೆಯಬೇಡಿ.

ಮತ್ತೆ ತೆಂಗಿನೆಣ್ಣೆ. ಊರಲ್ಲಿ ಮೀನು ಹುರಿದ ಎಣ್ಣೆ ಬಚ್ಚಲಿಗೆ ಹರಿದುಹೋಗುತ್ತದೆ, ಅಲ್ಲಿನ ಚಳಿಗೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕಿದ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ, 130 ಟನ್ ಇತ್ತು. ಪೈಪು ಕಟ್ಟಿದರೆ ಕೊಳಚೆ ಹೊಳೆಗೇ ಉಕ್ಕುವುದಲ್ವಾ? ಡಬ್ಬಿಗೆ ಹಾಕಿ ಕಸಕ್ಕೆ ಕೊಡಿ.

ಮಾಹಿತಿ ಹಕ್ಕಿನ ಅರ್ಜಿ ಬರೆದು ಗೊತ್ತಿದ್ದವರಿಗೆ ಇನ್ನೊಂದು ದಾರಿ ಉಂಟು. ಅಲ್ಲಿ 2004ರ ಪರಿಸರ ಮಾಹಿತಿ ನಿಯಮದಲ್ಲಿ ಖಾಸಗಿ ನೀರಿನ ಕಂಪನಿಗಳೂ ಉತ್ತರ ಕೊಡಬೇಕು. ಸಾಮಾನ್ಯವಾಗಿ 20 ಕೆಲಸದ ದಿನಗಳ ಒಳಗೆ. ಯಾಕೆ ಬೇಕು ಅಂತ ಹೇಳಬೇಕಿಲ್ಲ, ಇ-ಮೇಲ್ ಸಾಕು. ಕೇಳುವವರು ಆ ದೇಶದಲ್ಲಿ ಇರಲೇಬೇಕೆಂದೂ ಇಲ್ಲ, ಮಗಳ ಮನೆ ಹಿಂದಿನ ಹೊಳೆ ಬಗ್ಗೆ ಅಪ್ಪ ಮಲ್ಪೆಯಿಂದಲೇ ಕೇಳಬಹುದು.